ಷೋಕೇಸಿನ ಬಾಗಿಲು ಮುಚ್ಚಿದ ಮೇಲೆ ರಿಮೋಟ್ ಏನು ಮಾಡಬೇಕು?

ಬೆಂಗಳೂರಿನ ಹೊಸ ಫ್ಲ್ಯಾಟುಗಳ ಹಾಲ್‌ನಲ್ಲಿ ಈಗ ಗೋಡೆಯ ಮೇಲೆ ಟಿವಿ ಒಂದೇ ಕಾಣಬೇಕು. ವೈರು ಕಾಣಬಾರದು, ಅಡಾಪ್ಟರ್ ಕಾಣಬಾರದು, ಸೆಟ್‌ಟಾಪ್ ಬಾಕ್ಸ್ ಅಂತೂ ಕಾಣಲೇಬಾರದು. ಇಂಟೀರಿಯರ್‌ನವರು ಬಂದು ಪ್ಯಾನೆಲ್ ಹೊಡೆದು, ಕೆಳಗೊಂದು ಪ್ಲೈವುಡ್ ಯೂನಿಟ್ ಕೂರಿಸಿ, ಅದಕ್ಕೆ ಮೈಕಾ ಅಂಟಿಸಿದ ಬಾಗಿಲಿಟ್ಟು ಹೋಗುತ್ತಾರೆ. ಆಮೇಲೆ ಬರುವ ಡಿಶ್ ಹುಡುಗ ಬಾಕ್ಸನ್ನು ಆ ಬಾಗಿಲ ಹಿಂದೆ ಸೇರಿಸುತ್ತಾನೆ. ಸಂಜೆ ಧಾರಾವಾಹಿಯ ಹೊತ್ತಿಗೆ ಮನೆಯವರಿಗೆ ಸಂಗತಿ ತಿಳಿಯುತ್ತದೆ: ಚಾನೆಲ್ ಬದಲಾಗಬೇಕಾದರೆ ಬಾಗಿಲು ತೆರೆದಿರಬೇಕು. ಲಕ್ಷಗಟ್ಟಲೆ ಸುರಿದು ಮಾಡಿಸಿದ ಯೂನಿಟ್ಟಿನ ಒಂದು ಬಾಗಿಲು ಅಂದಿನಿಂದ ಖಾಯಂ ಆಗಿ ಅರ್ಧ ತೆರೆದುಕೊಂಡೇ ನಿಂತಿರುತ್ತದೆ.

ಇದಕ್ಕೆ ಮದ್ದುಗಳು ಬೇಕಾದಷ್ಟಿವೆ. ಐಆರ್ ಎಕ್ಸ್‌ಟೆಂಡರ್, ಯೂನಿವರ್ಸಲ್ ರಿಮೋಟ್, ವೈಫೈ ಬ್ಲಾಸ್ಟರ್, ಬ್ಲೂಟೂತ್ ರಿಮೋಟ್ ಎಂದು ಆನ್‌ಲೈನ್ ಅಂಗಡಿಗಳ ಪಟ್ಟಿ ಮುಗಿಯುವುದೇ ಇಲ್ಲ. ಕೊಂಡು ತಂದದ್ದು ಕೆಲಸ ಮಾಡದೆ ಡ್ರಾಯರ್ ಸೇರುವುದೂ ಅಷ್ಟೇ ಸಾಮಾನ್ಯ. ರಿಮೋಟ್‌ನಿಂದ ಹೊರಟ ಬೆಳಕು ಎಲ್ಲಿ ತಡೆಯುತ್ತಿದೆ ಎಂದು ಮೊದಲು ನೋಡಿಕೊಂಡವರಿಗೆ ಇವುಗಳಲ್ಲಿ ಮುಕ್ಕಾಲು ಪಾಲು ಬೇಕಾಗುವುದಿಲ್ಲ.

ಬೆಳಕು ಎಂದದ್ದು ಅಕ್ಷರಶಃ. ರಿಮೋಟ್‌ನ ಮೂಗಿನಲ್ಲಿರುವ ಎಲ್‌ಇಡಿ ಸುಮಾರು 940 ನ್ಯಾನೋಮೀಟರ್ ತರಂಗಾಂತರದ ಅವಕೆಂಪು ಬೆಳಕನ್ನು ಮಿನುಗಿಸುತ್ತದೆ. ಅಂಗಡಿಯವರ ಬಾಯಲ್ಲಿ ಇದೇ ಐಆರ್. ಮನುಷ್ಯನ ಕಣ್ಣಿನ ಓಟ 700 ದಾಟಿ ಸ್ವಲ್ಪ ದೂರದಲ್ಲೇ ನಿಂತುಬಿಡುವುದರಿಂದ ನಮಗದು ಕಾಣುವುದಿಲ್ಲ. ಬಿಸಿಲಿನಲ್ಲಿ, ಬಲ್ಬಿನಲ್ಲಿ, ಒಲೆಯ ಕೆಂಡದಲ್ಲೂ ಅವಕೆಂಪು ಇದ್ದೇ ಇದೆ. ಆ ಗದ್ದಲದಲ್ಲಿ ರಿಮೋಟ್‌ನ ದನಿ ಬೇರೆಯಾಗಿ ಕೇಳಬೇಕಲ್ಲ? ಅದಕ್ಕೇ ಎಲ್‌ಇಡಿಯನ್ನು ಸೆಕೆಂಡಿಗೆ ಸುಮಾರು 38 ಸಾವಿರ ಸಲ ಆರಿಸಿ ಹೊತ್ತಿಸುತ್ತಾರೆ. ಬಾಕ್ಸಿನ ಮುಂಭಾಗದ ಕಪ್ಪು ಕಿಟಕಿಯ ಹಿಂದಿರುವ ಮೂರು ಕಾಲಿನ ಪುಟ್ಟ ಬಿಡಿಭಾಗ ಆ ವೇಗದ ಮಿನುಗನ್ನು ಮಾತ್ರ ಹಿಡಿದು, ಉಳಿದ ಬೆಳಕನ್ನು ಕೈಬಿಡುತ್ತದೆ.

38 ಕಿಲೋಹರ್ಟ್ಸ್ ಎಂಬ ಅಂಕಿಯ ಹಿಂದೆ ಹಳೆಯ ರೇಡಿಯೋದ ನಂಟಿದೆ. ಮೀಡಿಯಂ ವೇವ್ ರೇಡಿಯೋಗಳು ಒಳಗೆ 455 ಕಿಲೋಹರ್ಟ್ಸ್ ಆವರ್ತನವನ್ನು ಬಳಸುತ್ತಿದ್ದವು. ಆ ಲೆಕ್ಕದ ಸೆರಾಮಿಕ್ ರೆಸೊನೇಟರ್‌ಗಳು ಲೋಕದ ಎಲ್ಲ ಬಿಡಿಭಾಗದ ಅಂಗಡಿಗಳಲ್ಲೂ ಅಗ್ಗಕ್ಕೆ ಸಿಗುತ್ತಿದ್ದವು. ರಿಮೋಟ್ ಮಾಡುವವರು ಅದನ್ನೇ ಕೂರಿಸಿ, ಬಂದ ಆವರ್ತನವನ್ನು 12ರಿಂದ ಭಾಗಿಸಿದರು: 37.9. ಹಳೆಯ ರಿಮೋಟ್ ಕೈಜಾರಿ ಬಿದ್ದು ಕೆಟ್ಟಾಗ ಬಹಳ ಸಲ ಮುರಿದಿರುವುದು ಈ ರೆಸೊನೇಟರ್‌ನ ಕಾಲೇ. ಹತ್ತಿರದ ಮೆಕ್ಯಾನಿಕ್ ಅದನ್ನು ತೆಗೆದು ಬೇರೊಂದು ಬೆಸುಗೆ ಹಾಕಿಕೊಡುತ್ತಿದ್ದ ಕಾಲವೊಂದಿತ್ತು. ರಿಮೋಟೇ ಅಗ್ಗವಾದ ಮೇಲೆ ಆ ಕೆಲಸಕ್ಕೆ ಕೂರುವವರು ಕಡಿಮೆಯಾದರು.

ಮಿನುಗಿನ ಮೇಲೆ ಕೂರುವ ಸಂದೇಶಕ್ಕೆ ಬೇರೆ ಬೇರೆ ಭಾಷೆಗಳಿವೆ. ಜಪಾನಿನ ಎನ್‌ಇಸಿ ಕಂಪನಿ ರೂಪಿಸಿದ್ದು ಬಹಳ ಹಬ್ಬಿದೆ. ಅದರಲ್ಲಿ ಮೊದಲು 9 ಮಿಲಿಸೆಕೆಂಡಿನ ಉದ್ದ ಮಿನುಗು, ಅಂದರೆ ‘ಕೇಳು’ ಎಂಬ ಕೂಗು. 4.5 ಮಿಲಿಸೆಕೆಂಡಿನ ಮೌನದ ನಂತರ ಯಾವ ಉಪಕರಣಕ್ಕೆ ಎಂಬ ವಿಳಾಸ, ಯಾವ ಗುಂಡಿ ಎಂಬ ಅಪ್ಪಣೆ. ಎರಡನ್ನೂ ನೇರವಾಗಿ ಒಮ್ಮೆ, ತಲೆಕೆಳಗು ಮಾಡಿ ಇನ್ನೊಮ್ಮೆ ಕಳಿಸುತ್ತದೆ, ಅಂಗಡಿಯಾತ ಚಿಲ್ಲರೆಯನ್ನು ಎರಡು ಸಲ ಎಣಿಸಿ ಕೈಗಿಟ್ಟ ಹಾಗೆ. ಎಲ್ಲ ಸೇರಿ ಸುಮಾರು 68 ಮಿಲಿಸೆಕೆಂಡ್. ಲೆಕ್ಕ ತಾಳೆಯಾಗದಿದ್ದರೆ ಬಾಕ್ಸ್ ಸುಮ್ಮನಿರುತ್ತದೆ. ಆದರೆ ತಾನು ಕಳಿಸಿದ್ದು ತಲುಪಿತೋ ಇಲ್ಲವೋ ಎಂದು ರಿಮೋಟ್‌ಗೆ ತಿಳಿಯುವ ದಾರಿಯೇ ಇಲ್ಲ. ಅದು ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಮನೆಮನೆಯ ರಿಮೋಟ್ ಜಗಳಗಳಲ್ಲಿ ಅರ್ಧ ಹುಟ್ಟುವುದು ಈ ಒಮ್ಮುಖ ಮಾತಿನಿಂದ.

ಟಿವಿಯನ್ನು ದೂರದಿಂದ ಆಳುವ ಆಸೆ ಇದಕ್ಕಿಂತ ಹಳೆಯದು. ಷಿಕಾಗೋದ ಝೆನಿತ್ ಕಂಪನಿ 1950ರಲ್ಲಿ ವೈರ್ ಜೋಡಿಸಿದ ರಿಮೋಟ್ ಮಾರಿತು. ನಡೆಯುವವರು ಆ ವೈರಿಗೆ ಎಡವುತ್ತಿದ್ದರು. 1955ರಲ್ಲಿ ಅದೇ ಕಂಪನಿಯ ಯೂಜೀನ್ ಪಾಲಿ ಟಾರ್ಚ್‌ನಂಥ ಬೆಳಕಿನ ರಿಮೋಟ್ ಮಾಡಿದ, ಆದರೆ ಕಿಟಕಿಯಿಂದ ಬಂದ ಬಿಸಿಲೂ ಚಾನೆಲ್ ಬದಲಿಸತೊಡಗಿತು. ಮರುವರ್ಷ ರಾಬರ್ಟ್ ಆಡ್ಲರ್ ಸೆಲ್ಲೇ ಬೇಡದ ರಿಮೋಟ್ ತಂದ. ಒಳಗಿನ ಅಲ್ಯೂಮಿನಿಯಂ ಸಲಾಕೆಗಳಿಗೆ ಪುಟ್ಟ ಸುತ್ತಿಗೆ ಹೊಡೆದರೆ ಕಿವಿಗೆ ಕೇಳದ ನಾದ ಹುಟ್ಟುತ್ತಿತ್ತು, ಟಿವಿ ಅದನ್ನು ಕೇಳಿಸಿಕೊಳ್ಳುತ್ತಿತ್ತು. ಆ ಶ್ರವಣಾತೀತ ಪದ್ಧತಿ ಎರಡು ದಶಕಕ್ಕೂ ಹೆಚ್ಚು ಕಾಲ ಬಾಳಿತು. ಅವಕೆಂಪು ಗೆದ್ದದ್ದು ಅದರ ನಂತರ.

ನಮ್ಮಲ್ಲಿ ಕೇಬಲ್ ಕಾಲದಲ್ಲಿ ಮನೆಗೆ ಒಂದೇ ರಿಮೋಟ್ ಸಾಕಾಗಿತ್ತು. ಎರಡನೆಯದನ್ನು ತಂದದ್ದು ಡಿಟಿಎಚ್. 2003ರಲ್ಲಿ ಡಿಶ್ ಟಿವಿ, 2004ರ ಡಿಸೆಂಬರ್‌ನಲ್ಲಿ ದೂರದರ್ಶನದ ಡಿಡಿ ಡೈರೆಕ್ಟ್ ಪ್ಲಸ್ (ಈಗಿನ ಡಿಡಿ ಫ್ರೀ ಡಿಶ್), 2006ರಲ್ಲಿ ಟಾಟಾ ಸ್ಕೈ, ಮುಂದೆ ಸನ್ ಡೈರೆಕ್ಟ್, ಏರ್‌ಟೆಲ್, ವಿಡಿಯೋಕಾನ್ ಬಂದವು. ಟಿವಿಯನ್ನು ಎವಿಯಲ್ಲಿ ಇಟ್ಟು ಬಾಕ್ಸಿನಿಂದ ಚಾನೆಲ್ ಬದಲಿಸುವ ಹೊಸ ಶಿಸ್ತು ಶುರುವಾಯಿತು. ಅಜ್ಜಿ ತಿಳಿಯದೆ ಟಿವಿಯ ರಿಮೋಟ್‌ನಲ್ಲಿ ಚಾನೆಲ್ ಗುಂಡಿ ಒತ್ತಿದರೆ ಪರದೆ ನೀಲಿಯಾಗುತ್ತಿತ್ತು. ‘ಆ ರಿಮೋಟ್ ಮುಟ್ಟಬೇಡಿ ಅಜ್ಜಿ, ಎವಿ ಹೋಗುತ್ತೆ’ ಎಂಬ ಕೂಗು ಕೇಳದ ಮನೆ ಆಗ ಕಡಿಮೆ.

ಕಂಪನಿಗಳು ಇದಕ್ಕೆ ಕಂಡುಕೊಂಡ ಉಪಾಯ ಈಗಲೂ ಬಹುತೇಕ ಡಿಟಿಎಚ್ ರಿಮೋಟ್‌ಗಳಲ್ಲಿದೆ: ‘ಟಿವಿ’ ಎಂದು ಬರೆದ ಒಂದು ಮೂಲೆ, ಅಲ್ಲಿ ಪವರ್, ಸೋರ್ಸ್, ವಾಲ್ಯೂಮ್ ಹೆಚ್ಚು-ಕಡಿಮೆ ಗುಂಡಿಗಳು, ಕೆಲವದರಲ್ಲಿ ಒಂದು ‘ಸೆಟ್’. ಈ ಮೂಲೆಗೆ ಹುಟ್ಟಿನಿಂದ ಏನೂ ಗೊತ್ತಿರುವುದಿಲ್ಲ, ಟಿವಿಯ ರಿಮೋಟ್‌ನಿಂದ ಕಲಿಸಬೇಕು. ಬಾಕ್ಸ್ ಅಳವಡಿಸಲು ಬಂದ ಹುಡುಗ ಮುಂದಿನ ಮನೆಯ ಅವಸರದಲ್ಲಿ ಇದನ್ನು ಬಿಟ್ಟು ಹೋಗುವುದು, ಮನೆಯವರು ಎರಡು ರಿಮೋಟ್ ಹಿಡಿದೇ ವರ್ಷಗಟ್ಟಲೆ ಕಳೆಯುವುದು ಮಾಮೂಲು. ಹೊಸ ಸಲಕರಣೆ ಹುಡುಕುವ ಮೊದಲು ಕೈಯಲ್ಲಿರುವುದಕ್ಕೆ ಕಲಿಸಬಹುದೇ ನೋಡಬೇಕು.

ಕಲಿಸುವ ಕೆಲಸ ಐದು ನಿಮಿಷದ್ದು. ಸೆಟ್ ಗುಂಡಿ ಒತ್ತಿ ಹಿಡಿದರೆ ರಿಮೋಟ್‌ನ ಕೆಂಪು ದೀಪ ಸ್ಥಿರವಾಗಿ ಉರಿಯುತ್ತದೆ ಅಥವಾ ಮಿನುಗುತ್ತದೆ (ಮಾದರಿಗೊಂದು ರೀತಿ, ಕೈಪಿಡಿಯಲ್ಲಿ ಬರೆದಿರುತ್ತದೆ). ಕಲಿಯಬೇಕಾದ ಗುಂಡಿಯನ್ನು ಒಮ್ಮೆ ಒತ್ತಿ, ಎರಡೂ ರಿಮೋಟ್‌ಗಳನ್ನು ಮೂಗಿಗೆ ಮೂಗು ಮಾಡಿ ಮೂರು-ನಾಲ್ಕು ಸೆಂಟಿಮೀಟರ್ ಅಂತರದಲ್ಲಿ ಮೇಜಿನ ಮೇಲೆ ಇಟ್ಟು, ಟಿವಿ ರಿಮೋಟ್‌ನ ಅದೇ ಗುಂಡಿಯನ್ನು ಚುಟುಕಾಗಿ ಒತ್ತಬೇಕು. ತುಂಬ ಹೊತ್ತು ಒತ್ತಿದರೆ ಕಷ್ಟ. ಎನ್‌ಇಸಿ ಭಾಷೆಯಲ್ಲಿ ಗುಂಡಿ ಒತ್ತಿಯೇ ಇದ್ದರೆ ಮೊದಲ ಸಲ ಮಾತ್ರ ಪೂರ್ತಿ ಸಂದೇಶ ಹೋಗುತ್ತದೆ. ಆಮೇಲೆ 108 ಮಿಲಿಸೆಕೆಂಡಿಗೊಮ್ಮೆ ‘ಅದೇ, ಅದೇ’ ಎಂಬ ಚಿಕ್ಕ ಸಂಕೇತವಷ್ಟೇ. ಕಲಿಯುವ ರಿಮೋಟ್ ಈ ‘ಅದೇ’ಯನ್ನು ಹಿಡಿದಿಟ್ಟುಕೊಂಡರೆ ಆ ಗುಂಡಿ ದಂಡ. ಎರಡರಲ್ಲೂ ಹೊಸ ಸೆಲ್ ಇರಬೇಕು, ಹತ್ತಿರದ ಸಿಎಫ್ಎಲ್ ಆರಿಸಬೇಕು. ಆ ದೀಪದೊಳಗಿನ ಎಲೆಕ್ಟ್ರಾನಿಕ್ ಚೋಕ್ ಹತ್ತಾರು ಕಿಲೋಹರ್ಟ್ಸ್ ವೇಗದಲ್ಲಿ ಓಡುವುದರಿಂದ ಅದರ ಬೆಳಕೂ ಒಂದು ಬಗೆಯ ರಿಮೋಟ್ ಸಂಕೇತದಂತೆ ಕಾಣುತ್ತದೆ.

ಫಿಲಿಪ್ಸ್‌ನ ಆರ್‌ಸಿ-5 ಎಂಬ ಭಾಷೆಯಲ್ಲಿ ಇನ್ನೊಂದು ತರಲೆ ಇದೆ. ಗುಂಡಿಯನ್ನು ಬಿಟ್ಟು ಮತ್ತೆ ಒತ್ತಿದ್ದನ್ನು ತೋರಿಸಲು ಅದರಲ್ಲಿ ಒಂದು ಬಿಟ್ ಪ್ರತಿ ಸಲವೂ ಸೊನ್ನೆ-ಒಂದು ಎಂದು ಬದಲಾಗುತ್ತದೆ. ನಕಲು ಮಾಡಿದ ರಿಮೋಟ್‌ಗೆ ಒಂದೇ ಸ್ಥಿತಿ ಗೊತ್ತು. ಹೀಗಾಗಿ 11 ಒತ್ತಿದರೆ ಬಾಕ್ಸಿಗೆ ಒಂದೇ 1 ಕಾಣಬಹುದು. ಕೆಲವು ಅಂಕಿಗಳು ಮಾತ್ರ ‘ನುಂಗಿಹೋಗುತ್ತವೆ’ ಎಂದು ರಿಮೋಟನ್ನು ಕುಟ್ಟುವವರಿಗೆ ಕಾರಣ ಇದೂ ಇದ್ದೀತು.

ಕೆಟ್ಟದ್ದು ರಿಮೋಟೋ ಬಾಕ್ಸೋ ಎಂದು ತಿಳಿಯಲು ಫೋನಿನ ಕ್ಯಾಮೆರಾ ಸಾಕು. ರಿಮೋಟ್‌ನ ಮೂಗನ್ನು ಕ್ಯಾಮೆರಾದತ್ತ ಹಿಡಿದು ಗುಂಡಿ ಒತ್ತಿದರೆ ಪರದೆಯಲ್ಲಿ ನೇರಳೆ ಬಣ್ಣದ ಮಿನುಗು ಕಾಣುತ್ತದೆ. ಹಿಂದಿನ ಕ್ಯಾಮೆರಾಗಳಲ್ಲಿ ಅವಕೆಂಪನ್ನು ತಡೆಯುವ ಬಲವಾದ ಫಿಲ್ಟರ್ ಇರುವುದುಂಟು, ಆಗ ಸೆಲ್ಫಿ ಕ್ಯಾಮೆರಾದಲ್ಲಿ ನೋಡಬೇಕು. ಮಿನುಗು ಇಲ್ಲವೆಂದರೆ ಸೆಲ್, ಸ್ಪ್ರಿಂಗ್, ರಬ್ಬರ್ ಹಾಳೆ ಈ ಕ್ರಮದಲ್ಲಿ ಹುಡುಕಬೇಕು. ಉಡುಪಿ, ಮಂಗಳೂರು ಕಡೆಯ ಉಪ್ಪುಗಾಳಿಯಲ್ಲಿ ಸ್ಪ್ರಿಂಗ್‌ಗಳು ಬೇಗ ತುಕ್ಕು ಹಿಡಿಯುತ್ತವೆ. ಮರಳುಕಾಗದದ ಚೂರಿನಿಂದ ಉಜ್ಜಿದರೆ ಎಷ್ಟೋ ರಿಮೋಟ್‌ಗಳು ಎದ್ದು ಕೂರುತ್ತವೆ. ಒತ್ತಿ ಒತ್ತಿ ಸವೆದ ವಾಲ್ಯೂಮ್ ಗುಂಡಿಯ ಅಡಿಯ ಕಪ್ಪು ಇಂಗಾಲದ ಬೊಟ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬಹುದು. ತೊಡೆಗೆ ಬಡಿಯುವುದು, ಹಲ್ಲಿನಲ್ಲಿ ಸೆಲ್ ಕಚ್ಚುವುದು ಮೊದಲಾದ ಜನಪ್ರಿಯ ಚಿಕಿತ್ಸೆಗಳ ಬಗ್ಗೆ ಹೇಳದಿರುವುದೇ ಒಳ್ಳೆಯದು.

ಮಿನುಗು ಕಂಡರೂ ಬಾಕ್ಸ್ ಕೇಳದಿದ್ದರೆ ತೊಂದರೆ ದಾರಿಯಲ್ಲಿದೆ. ಎದುರು ಪಶ್ಚಿಮದ ಕಿಟಕಿ ಇದ್ದರೆ ಸಂಜೆಯ ಬಿಸಿಲು ನೇರ ಬಾಕ್ಸಿನ ಕಣ್ಣಿಗೆ ಬಡಿದು ಅದನ್ನು ಕುರುಡಾಗಿಸುತ್ತದೆ. ಪರದೆ ಎಳೆದರೆ ಮುಗಿಯಿತು. ಟಿವಿ ಮುಂದೆ ಉದ್ದಕ್ಕೆ ಇಟ್ಟ ಸೌಂಡ್‌ಬಾರ್ ಬಾಕ್ಸಿನ ಕಣ್ಣನ್ನೇ ಮುಚ್ಚಿರುತ್ತದೆ, ಎರಡು ಇಂಚು ಸರಿಸಿದರೆ ಸಾಕು. ಬಾಗಿಲಿನದೇ ತೊಂದರೆಯಾದರೆ ಬಡಗಿಯನ್ನು ಕರೆದು ಮೈಕಾದ ಜಾಗಕ್ಕೆ ಬಣ್ಣದ ಗಾಜು ಅಥವಾ ಜಾಲರಿ ಹಾಕಿಸುವುದು ಎಲ್ಲ ಎಲೆಕ್ಟ್ರಾನಿಕ್ ಮದ್ದಿಗಿಂತ ಬಾಳಿಕೆಯದು. ಜಾಲರಿಯಿಂದ ಬಾಕ್ಸಿಗೆ ಗಾಳಿಯೂ ಸಿಗುತ್ತದೆ. ಮುಚ್ಚಿದ ಪ್ಲೈವುಡ್ ಗೂಡಿನಲ್ಲಿ ಬಿಸಿಯಾಗಿ ಸಾಯುವ ಬಾಕ್ಸುಗಳ ಬಗ್ಗೆ ಇಂಟೀರಿಯರ್‌ನವರು ತಲೆ ಕೆಡಿಸಿಕೊಳ್ಳುವುದೇ ಇಲ್ಲ.

ಗಾಜೂ ಬೇಡ, ಜಾಲರಿಯೂ ಬೇಡ ಎಂದರೆ ಐಆರ್ ಎಕ್ಸ್‌ಟೆಂಡರ್. ಇದರಲ್ಲಿ ಮೂರು ಭಾಗ: ಹೊರಗೆ ಕಾಣುವಂತೆ ಟಿವಿಯ ಅಂಚಿಗೆ ಅಂಟಿಸುವ ಕಣ್ಣು, ಬಾಕ್ಸಿನ ಮುಖಕ್ಕೆ ಅಂಟಿಸುವ ಎಲ್‌ಇಡಿ ತುದಿ, ನಡುವೆ ಒಂದು ತೆಳು ವೈರು. ಕಣ್ಣು ರಿಮೋಟ್‌ನ ಮಿನುಗನ್ನು ಹಿಡಿದು ವೈರಿನಲ್ಲಿ ಕಳಿಸುತ್ತದೆ, ತುದಿ ಅದನ್ನೇ ಬಾಕ್ಸಿನ ಮುಂದೆ ಮತ್ತೆ ಮಿನುಗಿಸುತ್ತದೆ. ಕೂರಿಸುವುದು ಸುಲಭವೆನಿಸಿದರೂ ಎಡವುವ ಜಾಗಗಳು ನಿಶ್ಚಿತ. ಬಾಕ್ಸಿನ ಕಣ್ಣು ಎಲ್ಲಿದೆ ಎಂದು ಅಂದಾಜಿನಲ್ಲಿ ಅಂಟಿಸುವುದು ಮೊದಲನೆಯದು. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಕಪ್ಪು ಪ್ಲಾಸ್ಟಿಕ್ಕಿನ ಹಿಂದೆ ಗುಂಡನೆಯ ಉಬ್ಬು ಕಾಣುತ್ತದೆ. ಅಂಟಿಸುವ ಮುನ್ನ ತುದಿಯನ್ನು ಕೈಯಲ್ಲಿ ಹಿಡಿದು ಅತ್ತಿತ್ತ ಆಡಿಸಿ, ಬಾಕ್ಸ್ ಸರಾಗವಾಗಿ ಕೇಳುವ ಜಾಗ ಗುರುತಿಸಿಕೊಳ್ಳಬೇಕು. ಎಲ್‌ಇಡಿಯ ಬೆಳಕು ಸೋರಿ ಎಕ್ಸ್‌ಟೆಂಡರ್‌ನ ಸ್ವಂತ ಕಣ್ಣಿಗೇ ಬಿದ್ದರೆ ಅದು ತನ್ನ ಮಾತನ್ನು ತಾನೇ ಕೇಳಿ ಮತ್ತೆ ಹೇಳುತ್ತ ನಿಲ್ಲದೆ ಮಿನುಗುತ್ತಿರುತ್ತದೆ.

ಕರೆಂಟಿನ ವಿಷಯ ಬಹುಜನ ಮರೆಯುತ್ತಾರೆ. ಈ ಕಿಟ್‌ಗಳಲ್ಲಿ ಹೆಚ್ಚಿನವು ಯುಎಸ್‌ಬಿಯ 5 ವೋಲ್ಟ್ ಬೇಡುತ್ತವೆ, ಜನ ಸಹಜವಾಗಿಯೇ ಟಿವಿಯ ಯುಎಸ್‌ಬಿಗೆ ಚುಚ್ಚುತ್ತಾರೆ. ಟಿವಿ ಆರಿಸಿದಾಗ ಎಷ್ಟೋ ಮಾದರಿಗಳಲ್ಲಿ ಆ ಯುಎಸ್‌ಬಿಯೂ ಆರುತ್ತದೆ, ಕಣ್ಣೂ ಆರುತ್ತದೆ. ಬಾಕ್ಸನ್ನು ಮೊದಲು ಹಚ್ಚಲು ನೋಡಿದವರಿಗೆ ಕಿಟ್ ಕೆಟ್ಟಂತೆ ಕಾಣುತ್ತದೆ. ಹಳೆಯ ಮೊಬೈಲ್ ಚಾರ್ಜರ್ ಹಾಕಿದರೆ ಆ ರಗಳೆಯಿಲ್ಲ.

ಕೆಳಗಿನ ಹಾಲ್‌ನ ಬಾಕ್ಸನ್ನು ಮಹಡಿಯ ಕೋಣೆಯಲ್ಲೂ ನೋಡುವವರದು ಬೇರೆ ಪಾಡು. ಎಚ್‌ಡಿಎಂಐ ಸ್ಪ್ಲಿಟರ್ ಹಾಕಿ ಚಿತ್ರವನ್ನು ಮೇಲಕ್ಕೆ ಒಯ್ಯಬಹುದು, ಆದರೆ ಚಾನೆಲ್ ಬದಲಿಸಲು ಮಕ್ಕಳನ್ನು ಮೆಟ್ಟಿಲಿಳಿಸಬೇಕು. ಕ್ಯಾಟ್-6 ನೆಟ್‌ವರ್ಕ್ ವೈರಿನಲ್ಲಿ ಚಿತ್ರವನ್ನು ಒಯ್ದು ರಿಮೋಟ್ ಸಂಕೇತವನ್ನು ಅದೇ ವೈರಿನಲ್ಲಿ ಹಿಂದಕ್ಕೆ ತರುವ ಎಕ್ಸ್‌ಟೆಂಡರ್‌ಗಳು ಸಿಗುತ್ತವೆ. ಮನೆ ಕಟ್ಟುವಾಗಲೇ ಗೋಡೆಯೊಳಗೆ ಒಂದು ಖಾಲಿ ಪೈಪ್ ಬಿಟ್ಟಿದ್ದವರಿಗೆ ಇದೇ ಒಳ್ಳೆಯ ದಾರಿ. ಪೈಪ್ ಬಿಡದವರಿಗೆ 433 ಮೆಗಾಹರ್ಟ್ಸ್ ರೇಡಿಯೋದಲ್ಲಿ ಗೋಡೆ ದಾಟಿಸುವ ಜೋಡಿ ಪಿರಮಿಡ್‌ಗಳಿವೆ: ಒಂದು ಬೆಳಕನ್ನು ರೇಡಿಯೋ ಮಾಡುತ್ತದೆ, ಇನ್ನೊಂದು ರೇಡಿಯೋವನ್ನು ಬೆಳಕು ಮಾಡುತ್ತದೆ.

ಈ ಮಹಡಿಯ ಸಮಸ್ಯೆಯನ್ನು ಅಂದವಾಗಿ ಬಿಡಿಸಿದ್ದು ಬ್ರಿಟನ್ನಿನ ಸ್ಕೈ. 1998ರ ಅಕ್ಟೋಬರ್‌ನಲ್ಲಿ ಡಿಜಿಟಲ್ ಪ್ರಸಾರ ಶುರುಮಾಡಿದ ಆ ಕಂಪನಿಯ ಬಾಕ್ಸಿಗೆ ಎರಡನೆಯ ಆರ್‌ಎಫ್ ತೂತು ಇತ್ತು. ಮಲಗುವ ಕೋಣೆಯ ಟಿವಿಗೆ ಚಿತ್ರ ಒಯ್ಯುವ ಅದೇ ಕೋ-ಆಕ್ಸಿಯಲ್ ಕೇಬಲ್ಲಿನಲ್ಲಿ ಬಾಕ್ಸು 9 ವೋಲ್ಟ್ ಕರೆಂಟನ್ನೂ ಕಳಿಸುತ್ತಿತ್ತು. ಕೇಬಲ್ಲಿನ ಆ ತುದಿಗೆ ‘ಮ್ಯಾಜಿಕ್ ಐ’ ಎಂಬ ಬೆರಳುದ್ದದ ಕಣ್ಣು ಸಿಕ್ಕಿಸಿದರೆ ರಿಮೋಟ್‌ನ ಮಾತು ಅದೇ ತಂತಿ ಹಿಡಿದು ಕೆಳಗಿಳಿಯುತ್ತಿತ್ತು. ಬೇರೆ ವೈರಿಲ್ಲ, ಅಡಾಪ್ಟರ್ ಇಲ್ಲ. ಒಂದೇ ತೊಡಕು: ಆ 9 ವೋಲ್ಟನ್ನು ಬಾಕ್ಸಿನ ಅಡಗಿದ ಮೆನುವಿನಲ್ಲಿ ಹಚ್ಚಬೇಕು. ಸರ್ವಿಸಸ್, 4, 0, 1, ಸೆಲೆಕ್ಟ್ ಎಂದು ಒತ್ತಿದರಷ್ಟೇ ಆ ಪುಟ ತೆರೆಯುತ್ತಿತ್ತು. ಇದನ್ನು ತಿಳಿಯದೆ ಹೊಸ ಕಣ್ಣುಗಳನ್ನು ಕೊಳ್ಳುತ್ತ ಹೋದವರು ಅಲ್ಲೂ ಬಹಳ.

ಒಂದೇ ತಂತಿಯಲ್ಲಿ ಕರೆಂಟೂ ಸಂಕೇತವೂ ಓಡುವುದು ನಮ್ಮ ತಾರಸಿಗೂ ಹೊಸತಲ್ಲ. ಡಿಶ್ಶಿನ ಮುಂದೆ ತೂಗುವ ಎಲ್‌ಎನ್‌ಬಿಗೆ ಬಾಕ್ಸು 13 ಅಥವಾ 18 ವೋಲ್ಟ್ ಕಳಿಸುತ್ತದೆ. ಯಾವ ವೋಲ್ಟ್ ಬಂತು ಎಂಬುದರಿಂದಲೇ ಎಲ್‌ಎನ್‌ಬಿ ಅಡ್ಡ ಧ್ರುವೀಕರಣವೋ ಲಂಬವೋ ಎಂದು ತಿಳಿಯುತ್ತದೆ. ಚಾನೆಲ್ ಬದಲಿಸುವ ಅಪ್ಪಣೆ ಕೆಲವು ಸಲ ರಿಮೋಟ್‌ನಿಂದ ತಾರಸಿಯವರೆಗೂ ಹೋಗುತ್ತದೆ ಎಂದಾಯಿತು. ಹಾಗಾಗಿ ಕೆಲವು ಚಾನೆಲ್ ಬಂದು ಕೆಲವು ಬಾರದಿದ್ದರೆ ರಿಮೋಟನ್ನು ಬಯ್ಯುವ ಮುನ್ನ ಮಳೆನೀರು ಇಳಿದ ಕನೆಕ್ಟರನ್ನು ನೋಡಬೇಕು.

ಒಂದೇ ಮನೆಯಲ್ಲಿ ಒಂದೇ ಕಂಪನಿಯ ಎರಡು ಬಾಕ್ಸ್ ಇದ್ದರೆ ವಿಳಾಸವೂ ಒಂದೇ. ಒಂದು ರಿಮೋಟ್‌ಗೆ ಎರಡೂ ಓಗೊಡುತ್ತವೆ. ಅಮೆರಿಕದ ಡಿಶ್ ನೆಟ್‌ವರ್ಕ್ (ನಮ್ಮ ಡಿಶ್ ಟಿವಿಗೂ ಅದಕ್ಕೂ ಹೆಸರಿನ ಹೋಲಿಕೆ ಮಾತ್ರ) ರಿಮೋಟ್‌ಗೆ 16 ವಿಳಾಸಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಬಿಟ್ಟಿತು. ಡೈರೆಕ್‌ಟಿವಿ ರೇಡಿಯೋ ರಿಮೋಟ್‌ಗೆ ಬಾಕ್ಸಿನ ಗುರುತುಸಂಖ್ಯೆಯ ಕೊನೆಯ 6 ಅಂಕಿ ಕಲಿಸುವಂತೆ ಮಾಡಿತು. ಅಂಥ ಸೌಲಭ್ಯವಿಲ್ಲದ ಬಾಕ್ಸುಗಳಿಗೆ ಉಳಿಯುವುದು ಒಂದೇ: ಒಂದರ ಮುಖವನ್ನು ಓರೆ ಮಾಡಿಡುವುದು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಅಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ, ರಿಮೋಟ್‌ಗಳನ್ನೇ ಗೋಡೆ ತುಂಬ ತೂಗುಹಾಕಿದ ಅಂಗಡಿಗಳಿವೆ. ಮನೆಯಿಂದ ಮುರಿದ ರಿಮೋಟನ್ನೇ ಒಯ್ಯುವುದು ಜಾಣತನ. ಅಂಗಡಿಯವರು ಗುಂಡಿಗಳ ಜೋಡಣೆ ನೋಡಿಯೇ ಅಣ್ಣ-ತಮ್ಮ ರಿಮೋಟನ್ನು ಹುಡುಕಿ ಕೊಡುತ್ತಾರೆ. ತಿಂಗಳ ಬಾಡಿಗೆಯಿಲ್ಲದ ಫ್ರೀ ಡಿಶ್ ಬಾಕ್ಸುಗಳಿಗೆ ಇದು ಇನ್ನೂ ಮುಖ್ಯ, ಯಾಕೆಂದರೆ ಅವನ್ನು ಹತ್ತಾರು ಸಣ್ಣ ಕಂಪನಿಗಳು ಮಾಡುತ್ತವೆ, ಹೊರಗಿನ ಹೆಸರು ಒಂದಾದರೆ ಒಳಗಿನ ಭಾಷೆ ಇನ್ನೊಂದು. ಫೋನಿನಲ್ಲೇ ಐಆರ್ ಎಲ್‌ಇಡಿ ಇದ್ದರೆ ಖರ್ಚೂ ಇಲ್ಲ. ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್4, ಎಸ್5, ಎಸ್6ಗಳಲ್ಲಿ ಕೊಟ್ಟು ಆಮೇಲೆ ಕೈಬಿಟ್ಟಿತು. ಶಿಯೋಮಿ, ರೆಡ್ಮಿ, ಪೋಕೋ ಫೋನುಗಳಲ್ಲಿ ಅದು ಉಳಿದುಕೊಂಡಿದೆ. ಆ್ಯಪ್‌ನಲ್ಲಿ ಡಿಟಿಎಚ್ ಕಂಪನಿಯ ಹೆಸರು ಆರಿಸಿದರೆ ಸಂಕೇತಗಳನ್ನು ಒಂದೊಂದಾಗಿ ಕಳಿಸಿ, ‘ಬಾಕ್ಸ್ ಕೇಳಿತೇ?’ ಎಂದು ವಿಚಾರಿಸುತ್ತದೆ.

ಅದೇ ರಸ್ತೆಯಲ್ಲಿ ಈಗ ‘ವಾಯ್ಸ್ ಇರೋದಾ, ಇಲ್ಲದ್ದಾ?’ ಎಂದೂ ಕೇಳುತ್ತಾರೆ. ಡಿಟಿಎಚ್ ಕಂಪನಿಗಳ ಆಂಡ್ರಾಯ್ಡ್ ಬಾಕ್ಸುಗಳ ಮೈಕ್ ಇರುವ ರಿಮೋಟ್‌ಗಳು ಬ್ಲೂಟೂತಿನವು. 2.4 ಗಿಗಾಹರ್ಟ್ಸ್ ರೇಡಿಯೋಗೆ ಮೈಕಾ ಬಾಗಿಲು ಲೆಕ್ಕಕ್ಕಿಲ್ಲ. ಷೋಕೇಸಿನ ಸಮಸ್ಯೆ ಇಲ್ಲಿಗೆ ತೀರಿತು. ಆದರೆ ಐಆರ್ ಎಕ್ಸ್‌ಟೆಂಡರ್‌ಗೆ ಇದರ ಮಾತು ತಿಳಿಯದು, ಕಲಿಯುವ ರಿಮೋಟ್ ಇದರಿಂದ ಏನನ್ನೂ ಕಲಿಯಲಾರದು, ನೋಡಲು ಹಾಗೇ ಇರುವ ಅಗ್ಗದ ಐಆರ್ ರಿಮೋಟ್‌ನಲ್ಲಿ ಮೈಕಿನ ಗುಂಡಿ ಬರೀ ಗುಂಡಿ. ಅಸಲಿಯನ್ನು ತಂದರೂ ಬಾಕ್ಸಿಗೆ ಪರಿಚಯಿಸಬೇಕು: ಎರಡು ನಿಗದಿತ ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದು, ದೀಪ ಮಿನುಗಿದ ಮೇಲೆ ಪರದೆಯಲ್ಲಿ ಹೆಸರು ಬರುವವರೆಗೆ ಕಾಯಬೇಕು.

ಇವು ಕಳೆದುಹೋದಾಗ ಆಸರೆಯಾಗುವುದು ಎರಡು. ಎಚ್‌ಡಿಎಂಐ ಕೇಬಲ್ಲಿನ 13ನೆಯ ಪಿನ್‌ನಲ್ಲಿ ಓಡುವ ಸಿಇಸಿ ಎಂಬ ಸಂಕೇತದ ಮೂಲಕ ಟಿವಿಯ ರಿಮೋಟೇ ಬಾಕ್ಸನ್ನು ನಡೆಸಬಲ್ಲದು. ಸ್ಯಾಮ್‌ಸಂಗ್ ಇದಕ್ಕೆ ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಆ ಹೆಸರು ಹುಡುಕಿ ಹಚ್ಚಬೇಕು, ಬಾಕ್ಸೂ ಒಪ್ಪಬೇಕು. ಇನ್ನೊಂದು ಗೂಗಲ್ ಟಿವಿ ಆ್ಯಪ್: ಆಂಡ್ರಾಯ್ಡ್ ಬಾಕ್ಸ್ ಇರುವ ಅದೇ ವೈಫೈನಲ್ಲಿ ಫೋನ್ ಇದ್ದರೆ, ಪರದೆಯಲ್ಲಿ ತೋರಿದ ಸಂಕೇತವನ್ನು ಫೋನಿನಲ್ಲಿ ತುಂಬಿ ರಿಮೋಟ್ ಮಾಡಿಕೊಳ್ಳಬಹುದು. ಅದಕ್ಕೆ ಬಾಕ್ಸು ಮೊದಲೇ ಆ ವೈಫೈಗೆ ಸೇರಿರಬೇಕು. ಹೊಸ ಪಾಸ್‌ವರ್ಡನ್ನು ಬಾಕ್ಸಿಗೆ ತುಂಬಲು ರಿಮೋಟೇ ಬೇಕಾದ್ದರಿಂದ, ರೂಟರ್ ಬದಲಿಸುವ ದಿನ ಮೊದಲು ಸೋಫಾದ ಸಂದಿಗಳನ್ನು ತಡಕಿ ರಿಮೋಟ್ ತೆಗೆದಿಟ್ಟುಕೊಳ್ಳಬೇಕು.